ಸೂತ್ರ ಬಾಯಲ್ಲಿದೆ, ಲೆಕ್ಕ ಕೈಗೆ ಬರುತ್ತಿಲ್ಲ: ಬೀಜಗಣಿತವನ್ನು ವಿಜ್ಞಾನದ ಪೀರಿಯಡ್‌ಗೆ ದಾಟಿಸುವ ಕ್ರಮ

ಬೆಳಿಗ್ಗೆ ಗಣಿತದ ಪೀರಿಯಡ್‌ನಲ್ಲಿ 3ಎಕ್ಸ್ = 12 ಅಂದರೆ ಎಕ್ಸ್ 4 ಎಂದು ಥಟ್ಟನೆ ಹೇಳಿದ ಹುಡುಗಿಯೇ ಮಧ್ಯಾಹ್ನ ವಿಜ್ಞಾನದ ಪೀರಿಯಡ್‌ನಲ್ಲಿ 12 = 3 × ಆರ್ ನೋಡಿ ಪೆನ್ನು ಕಚ್ಚುತ್ತಾ ಕೂತಿರುತ್ತಾಳೆ. ಎರಡೂ ಒಂದೇ ಲೆಕ್ಕ ಅಲ್ವೇನಮ್ಮಾ ಎಂದರೆ, "ಸಾರ್, ಅದು ಮ್ಯಾಥ್ಸು, ಇದು ಸೈನ್ಸು" ಅನ್ನುತ್ತಾಳೆ.

ಎಂಟನೇ ತರಗತಿಯಲ್ಲಿ ಒಂದು ಚರಾಕ್ಷರದ ಸಮೀಕರಣ ಮುಗಿದಿರುತ್ತದೆ. ಒಂಬತ್ತರಲ್ಲಿ ಚಲನೆಯ ಮೂರು ಸಮೀಕರಣಗಳು ಬರುತ್ತವೆ. ಹತ್ತರಲ್ಲಿ ದರ್ಪಣ, ಮಸೂರ, ಓಮ್‌ನ ನಿಯಮ. ಮಕ್ಕಳು ಪ್ರತಿ ವರ್ಷ ಇದೇ ಜಾಗಗಳಲ್ಲಿ ಎಡವುತ್ತಾರೆ. ನಾವು ಪ್ರತಿ ವರ್ಷ ಸೂತ್ರವನ್ನು ಇನ್ನೂ ಹತ್ತು ಸಲ ಬರೆಸುತ್ತೇವೆ. ಅದರಿಂದ ಏನೂ ಆಗುವುದಿಲ್ಲ, ಯಾಕೆಂದರೆ ಸೂತ್ರ ಅವರಿಗೆ ಬರುತ್ತದೆ. ಸೂತ್ರದ ಒಳಗಿಂದ ಬೇಕಾದ ಅಕ್ಷರವನ್ನು ಬಿಡಿಸಿ ತೆಗೆಯುವುದು ಬರುವುದಿಲ್ಲ.

ಕೆಳಗಿನದು ಅದಕ್ಕೆ ಒಂದು ಕ್ರಮ. ಹಂತಗಳನ್ನು ಅದಲುಬದಲು ಮಾಡಬೇಡಿ. ನಾನು ಮಾಡಿ ಕೆಟ್ಟಿದ್ದೇನೆ. ಸೂತ್ರಗಳನ್ನು ಮಕ್ಕಳು ಗಟ್ಟಿಯಾಗಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಬೋರ್ಡಿನ ಮೇಲೆ ಮಾತ್ರ ಪುಸ್ತಕದಲ್ಲಿರುವ ಅಕ್ಷರಗಳನ್ನೇ ಬಳಸಿ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಬಟ್ಟೆ ನೇತುಹಾಕುವ ಒಂದು ಪ್ಲಾಸ್ಟಿಕ್ ಹ್ಯಾಂಗರ್, ಎರಡು ಪೇಪರ್ ಲೋಟ, ದಾರ. ಖಾಲಿ ಬೆಂಕಿಪೊಟ್ಟಣ ಆರೇಳು. ಹಾರ್ಡ್‌ವೇರ್ ಅಂಗಡಿಯಿಂದ ಒಂದೇ ಅಳತೆಯ ಕಬ್ಬಿಣದ ವಾಷರ್ ಮೂವತ್ತು. ಹುಣಸೆಬೀಜವೇ ಸಾಕಲ್ಲವೇ ಅನಿಸಬಹುದು, ನನಗೂ ಅನಿಸಿತ್ತು. ಆದರೆ ಒಂದು ಬೀಜದ ತೂಕ ಇನ್ನೊಂದಕ್ಕಿಲ್ಲ. ಲೆಕ್ಕ ಸರಿಯಿದ್ದರೂ ಹ್ಯಾಂಗರ್ ವಾಲುತ್ತದೆ, ಮಕ್ಕಳು ನಗುತ್ತಾರೆ, ಪಾಠ ಅಲ್ಲಿಗೆ ಮುಗಿಯುತ್ತದೆ. ನಾಣ್ಯ ಬಳಸುವುದಾದರೆ ಒಂದೇ ಥರದವನ್ನು ಆರಿಸಿ. ಹಳೆಯ ಒಂದು ರೂಪಾಯಿಗೂ ಹೊಸ ಒಂದು ರೂಪಾಯಿಗೂ ತೂಕ ಬೇರೆ.

ಮೂರು ಬಣ್ಣದ ಚಾಕ್‌ಪೀಸ್ ಇರಲಿ. ಸಾಮಾನಿಗಿಂತ ಮುಖ್ಯವಾದ ಇನ್ನೊಂದಿದೆ. ಗಣಿತ ಮತ್ತು ವಿಜ್ಞಾನಕ್ಕೆ ಬೇರೆ ಬೇರೆ ಶಿಕ್ಷಕರಿದ್ದರೆ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಒಟ್ಟಿಗೆ ಕೂತು, ಲೆಕ್ಕ ಬರೆಯುವ ರೀತಿ ಒಂದೇ ಇರಲಿ ಎಂದು ಮಾತಾಡಿಕೊಳ್ಳಿ. ಒಬ್ಬರು "ಎರಡೂ ಕಡೆ ಭಾಗಿಸು" ಅನ್ನುವುದು, ಇನ್ನೊಬ್ಬರು "ಕೆಳಗೆ ತಗೊಂಡು ಹೋಗು" ಅನ್ನುವುದು ನಡೆಯುತ್ತಿದ್ದರೆ ಮುಂದಿನ ಯಾವ ಹಂತವೂ ಫಲ ಕೊಡುವುದಿಲ್ಲ.

## ಹಂತ 1: ಎಲ್ಲಿ ಎಡವುತ್ತಿದ್ದಾರೆ ಎಂದು ಪತ್ತೆ ಮಾಡಿ

ಹತ್ತು ನಿಮಿಷದ ಒಂದು ಚಿಕ್ಕ ಪರೀಕ್ಷೆ ಸಾಕು. ಮಾರ್ಕ್ಸ್ ಇಲ್ಲ ಎಂದು ಮೊದಲೇ ಹೇಳಿ. ಬೋರ್ಡಿನ ಮೇಲೆ ಐದು ಸಾಲು ಬರೆಯಿರಿ:

1. 8 + 4 = ___ + 5
2. 3ಎಕ್ಸ್ = 12
3. 12 = 3 × ಆರ್
4. 22 = 10 + 4ಎ
5. 1/ವಿ = 1/12 − 1/20 (ಹತ್ತನೇ ತರಗತಿಗೆ ಮಾತ್ರ)

ಉತ್ತರ ಸರಿಯೋ ತಪ್ಪೋ ಅನ್ನುವುದಕ್ಕಿಂತ ಯಾವ ತಪ್ಪು ಉತ್ತರ ಬಂದಿದೆ ಎಂದು ನೋಡಿ. ಮೊದಲನೆಯದಕ್ಕೆ 7 ಬರಬೇಕು. 12 ಎಂದು ಬರೆದ ಮಗುವಿಗೆ ಸಮ ಚಿಹ್ನೆ ಅಂದರೆ "ಇಲ್ಲಿ ಉತ್ತರ ಬರೆ" ಎಂದಷ್ಟೇ ಗೊತ್ತು. ಎರಡು ಕಡೆಯೂ ಒಂದೇ ತೂಕ ಎಂಬ ಅರ್ಥ ಹೋಗಿಲ್ಲ. ಹತ್ತನೇ ತರಗತಿಯಲ್ಲೂ ಇಂಥವರು ಸಿಗುತ್ತಾರೆ, ಗಾಬರಿ ಬೇಡ. ಎರಡನೆಯದಕ್ಕೆ 9 ಬರೆದಿದ್ದರೆ "ಆಚೆ ಹೋದರೆ ಚಿಹ್ನೆ ಬದಲು" ಅನ್ನುವ ನಿಯಮ ಗುಣಾಕಾರಕ್ಕೂ ಅಂಟಿಕೊಂಡಿದೆ. ಎರಡನೆಯದು ಸರಿ, ಮೂರನೆಯದು ಖಾಲಿ ಎಂದರೆ ಅಜ್ಞಾತ ಬಲಗಡೆ ಕೂತಿದ್ದೇ ಗಲಿಬಿಲಿ.

ನಾಲ್ಕನೆಯದರಲ್ಲಿ 10 ಮತ್ತು 4ಎ ಕೂಡಿಸಿ 14ಎ ಮಾಡಿದವರನ್ನು ಗುರುತು ಹಾಕಿಕೊಳ್ಳಿ. ಇಲ್ಲಿ ಸಂಖ್ಯೆ ಆರಿಸುವಾಗ ಎಚ್ಚರ ಇರಲಿ. ನಾನು ಬಹಳ ದಿನ 15 = 10 + 5ಎ ಕೊಡುತ್ತಿದ್ದೆ. ಸರಿಯಾದ ಉತ್ತರ 1. ತಪ್ಪಾಗಿ 15ಎ ಎಂದು ಕೂಡಿಸಿದರೂ 15 = 15ಎ ಆಗಿ ಉತ್ತರ 1 ಬಂದುಬಿಡುತ್ತದೆ! ನಾನು ಖುಷಿಯಿಂದ ರೈಟ್ ಹಾಕುತ್ತಾ ಹೋಗಿದ್ದೆ. ಒಬ್ಬ ಹುಡುಗ ಮಧ್ಯದ ಸಾಲನ್ನೂ ಬರೆದಿದ್ದರಿಂದ ನನ್ನ ಕಣ್ಣು ತೆರೆಯಿತು. ಪ್ರಶ್ನೆ ಕೊಡುವ ಮುಂಚೆ ಅದನ್ನು ಬೇಕಂತಲೇ ತಪ್ಪು ದಾರಿಯಲ್ಲಿ ಮಾಡಿ ನೋಡುವ ಅಭ್ಯಾಸ ಅಂದಿನಿಂದ ಬಂತು.

ಮೊದಲ ಮೂರರಲ್ಲಿ ಎಡವಿದವರು ಕಾಲು ಭಾಗಕ್ಕಿಂತ ಜಾಸ್ತಿ ಇದ್ದರೆ ಹಂತ 2ರಿಂದ ಶುರು ಮಾಡಿ. ಇಲ್ಲದಿದ್ದರೆ ನೇರವಾಗಿ 3ಕ್ಕೆ ಹೋಗಿ.

## ಹಂತ 2: ಒಂದೇ ಒಂದು ಪೀರಿಯಡ್ ತಕ್ಕಡಿ

ಹ್ಯಾಂಗರಿನ ಎರಡು ತುದಿಗೆ ಲೋಟ ಕಟ್ಟಿ, ಕೊಕ್ಕೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ. ಖಾಲಿ ಇದ್ದಾಗ ನೆಟ್ಟಗೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಇನ್ನೊಂದು ತುದಿಗೆ ಸ್ವಲ್ಪ ದಾರ ಸುತ್ತಿ ಸರಿಮಾಡಿ. ಇದನ್ನು ತರಗತಿಗೆ ಮುಂಚೆಯೇ ಮಾಡಿಟ್ಟುಕೊಳ್ಳಿ.

ಎರಡು ಬೆಂಕಿಪೊಟ್ಟಣಗಳಲ್ಲಿ ತಲಾ ನಾಲ್ಕು ವಾಷರ್ ತುಂಬಿ ಮುಚ್ಚಿ. ಒಳಗೆಷ್ಟಿದೆ ಎಂದು ಹೇಳಬೇಡಿ. ಎಡ ಲೋಟದಲ್ಲಿ ಆ ಎರಡು ಪೊಟ್ಟಣ ಮತ್ತು ಬಿಡಿ ವಾಷರ್ ಮೂರು. ಬಲ ಲೋಟದಲ್ಲಿ ಬಿಡಿ ವಾಷರ್ ಹನ್ನೊಂದು, ಜೊತೆಗೆ ಎರಡು ಖಾಲಿ ಪೊಟ್ಟಣ. ಖಾಲಿ ಪೊಟ್ಟಣ ಯಾಕೆ? ರಟ್ಟಿಗೂ ತೂಕ ಇದೆಯಲ್ಲ, ಅದನ್ನು ತೂಗಿಸಲು. ಇದನ್ನು ನೀವೇ ಹೇಳಬೇಡಿ, ಯಾರಾದರೂ ಕೇಳುವವರೆಗೆ ಕಾಯಿರಿ. ಕೇಳಿದ ಮಗುವಿಗೆ ಸಮತೋಲ ಅರ್ಥವಾಗಿದೆ.

ಈಗ ಒಬ್ಬರು ತಕ್ಕಡಿ ಹತ್ತಿರ, ಒಬ್ಬರು ಬೋರ್ಡಿನ ಹತ್ತಿರ. ತಕ್ಕಡಿಯವರು ಎರಡೂ ಲೋಟದಿಂದ ಮೂರು ಮೂರು ವಾಷರ್ ತೆಗೆಯುತ್ತಾರೆ. ಬೋರ್ಡಿನವರು 2ಎಕ್ಸ್ + 3 = 11ರ ಕೆಳಗೆ 2ಎಕ್ಸ್ = 8 ಬರೆಯುತ್ತಾರೆ. ಆಮೇಲೆ ಎರಡೂ ಕಡೆ ಅರ್ಧರ್ಧ ಹೊರಗೆ. ಒಂದು ಪೊಟ್ಟಣ, ನಾಲ್ಕು ವಾಷರ್. ಪೊಟ್ಟಣ ತೆರೆದು ಎಣಿಸಿ ತೋರಿಸಲಿ.

ಸಾಮಾನ್ಯ ತಪ್ಪು: ಮೇಷ್ಟ್ರೇ ಎಲ್ಲ ಮಾಡಿ ತೋರಿಸುವುದು. ಇನ್ನೊಂದು ತಪ್ಪು: ತಕ್ಕಡಿಯನ್ನು ವಾರಗಟ್ಟಲೆ ಎಳೆಯುವುದು. ತಕ್ಕಡಿಯಲ್ಲಿ ಮೈನಸ್ 3 ತೋರಿಸಲು ಆಗುವುದಿಲ್ಲ, ಐ × ಆರ್ (ವಿದ್ಯುತ್ ಪ್ರವಾಹ × ರೋಧ) ಥರ ಎರಡು ಅಕ್ಷರದ ಗುಣಲಬ್ಧವನ್ನೂ ತೋರಿಸಲು ಆಗುವುದಿಲ್ಲ. ಕೆಲಸ ಆದ ಮೇಲೆ ಹ್ಯಾಂಗರ್ ಮನೆಗೆ ತಗೊಂಡು ಹೋಗಿ.

## ಹಂತ 3: ಪಕ್ಷಾಂತರಕ್ಕೆ ಸದ್ಯಕ್ಕೆ ನಿಷೇಧ

ಒಂದು ಪದವನ್ನು ಸಮ ಚಿಹ್ನೆಯ ಆಚೆ ದಾಟಿಸುವುದಕ್ಕೆ ನಮ್ಮ ಪಠ್ಯದ ಮಾತು 'ಪಕ್ಷಾಂತರ' ಎಷ್ಟು ಚೆನ್ನಾಗಿದೆ ಅಲ್ವಾ! ಪಕ್ಷ ಬದಲಾಯಿಸಿದ ಕೂಡಲೇ ಬಣ್ಣ ಬದಲು. ಮಕ್ಕಳು ನಗುತ್ತಾರೆ, ನೆನಪೂ ಇಟ್ಟುಕೊಳ್ಳುತ್ತಾರೆ. ತೊಂದರೆ ಅಲ್ಲೇ ಇದೆ. ಕೂಡುವ ಪದ ಆಚೆ ಹೋದರೆ ಕಳೆಯುತ್ತದೆ ಎಂದು ಕಲಿತ ಮಗು, ಗುಣಿಸುವುದೂ ಆಚೆ ಹೋಗಿ ಕಳೆಯುತ್ತದೆ ಅಂದುಕೊಳ್ಳುತ್ತದೆ. ಓಮ್‌ನ ನಿಯಮ ವಿ = ಐಆರ್‌ನಿಂದ ಆರ್ = ವಿ − ಐ ಹುಟ್ಟುವುದು ಹೀಗೆ.

ಆದ್ದರಿಂದ ಎರಡು ವಾರ ಆ ಪದವನ್ನೇ ಬಳಸಬೇಡಿ. ಪ್ರತಿ ಸಾಲಿನ ಬಲ ಅಂಚಿನಲ್ಲಿ ಒಂದು ಗೆರೆ ಎಳೆಸಿ, ಅದರಾಚೆ "ಏನು ಮಾಡಿದೆ" ಎಂದು ಬರೆಸಿ:

22 = 10 + 4ಎ
12 = 4ಎ │ ಎರಡೂ ಕಡೆ 10 ಕಳೆದೆ
3 = ಎ │ ಎರಡೂ ಕಡೆ 4ರಿಂದ ಭಾಗಿಸಿದೆ

ಮಕ್ಕಳು ಗೊಣಗುತ್ತಾರೆ, ಚುರುಕಾದವರು ಜಾಸ್ತಿ ಗೊಣಗುತ್ತಾರೆ. ಬಿಡಬೇಡಿ. ಅಂಚಿನ ಮಾತಿನಲ್ಲಿ "ಕಳೆದೆ" ಎಂದಿದ್ದು ಲೆಕ್ಕದಲ್ಲಿ ಭಾಗಿಸಿದ್ದರೆ ತಪ್ಪು ನಿಮಗಿಂತ ಮೊದಲು ಅವರಿಗೇ ಕಾಣುತ್ತದೆ. ಸತತ ಹತ್ತು ಲೆಕ್ಕ ತಪ್ಪಿಲ್ಲದೆ ಮಾಡಿದವರಿಗೆ ಅಂಚಿನ ಬರಹದಿಂದ ವಿನಾಯಿತಿ. ಆಮೇಲೆ ಪಕ್ಷಾಂತರ ಮಾಡಿಕೊಳ್ಳಲಿ, ತಡೆಯುವವರು ಯಾರು.

ಎಚ್ಚರಿಕೆಯ ಗಂಟೆ: ಒಂದೇ ಸಾಲಿನಲ್ಲಿ ಎರಡು ಸಮ ಚಿಹ್ನೆ. "22 − 10 = 12 ÷ 4 = 3" ಎಂದು ಬರೆದರೆ ಉತ್ತರ ಸರಿಯಿದ್ದರೂ ಒಪ್ಪಬೇಡಿ. 22 − 10 ಎಂದೂ 3 ಆಗುವುದಿಲ್ಲ.

## ಹಂತ 4: ಅಕ್ಷರಕ್ಕೆ ಹೆಸರು, ಏಕಮಾನ, ಚಿಹ್ನೆ

ಗಣಿತದಲ್ಲಿ ಎಕ್ಸ್ ಅಂದರೆ ಎಕ್ಸ್, ಅಷ್ಟೇ. ವಿಜ್ಞಾನದಲ್ಲಿ ಹಾಗಲ್ಲ. 'ವಿ' ಒಂದನ್ನೇ ನೋಡಿ. ಚಲನೆಯಲ್ಲಿ ಅಂತಿಮ ವೇಗ, ಮಸೂರದಲ್ಲಿ ಪ್ರತಿಬಿಂಬದ ದೂರ, ವಿದ್ಯುತ್ತಿನಲ್ಲಿ ವಿಭವಾಂತರ, ಸಾಂದ್ರತೆಯಲ್ಲಿ ಗಾತ್ರ. 'ಎಸ್' ಸ್ಥಾನಪಲ್ಲಟವೂ ಹೌದು, ಸೆಕೆಂಡೂ ಹೌದು. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಪುಸ್ತಕದಲ್ಲಿರುತ್ತದೆ, ಮಕ್ಕಳ ಕೈಬರಹದಲ್ಲಿರುವುದಿಲ್ಲ.

ಹಾಗಾಗಿ ಲೆಕ್ಕ ಶುರು ಮಾಡುವ ಮುಂಚೆ ಒಂದು ಚೌಕ. ಒಳಗೆ ನಾಲ್ಕು ಕಾಲಮ್: ಅಕ್ಷರ, ಅದರ ಹೆಸರು, ಬೆಲೆ (ಚಿಹ್ನೆ ಸಮೇತ), ಏಕಮಾನ. ಬೇಕಾದ ಅಕ್ಷರದ ಎದುರು ಪ್ರಶ್ನೆ ಚಿಹ್ನೆ. ಬೋರ್ಡಿನ ಮೇಲೆ ಆ ಅಕ್ಷರವನ್ನು ಹಳದಿ ಚಾಕ್‌ಪೀಸಿನಲ್ಲೇ ಬರೆಯಿರಿ, ಕೊನೆಯ ಸಾಲಿನವರೆಗೂ. ನಮ್ಮ ಹಳೆಯ ಗಣಿತಜ್ಞರು ಅಜ್ಞಾತಗಳಿಗೆ ಕಾಳಕ, ನೀಲಕ, ಪೀತಕ ಎಂದು ಬಣ್ಣದ ಹೆಸರನ್ನೇ ಇಡುತ್ತಿದ್ದರು. ಸುಮ್ನೆ ಇಟ್ಟಿರಲಿಕ್ಕಿಲ್ಲ ಅನಿಸುತ್ತದೆ, ಹಳದಿ ಅಕ್ಷರ ಸಾಲಿನಿಂದ ಸಾಲಿಗೆ ಇಳಿಯುವುದನ್ನು ಹಿಂದಿನ ಬೆಂಚಿನವರ ಕಣ್ಣೂ ಹಿಂಬಾಲಿಸುತ್ತದೆ.

ಏಕಮಾನ ಬದಲಿಸುವುದಿದ್ದರೆ ಚೌಕದೊಳಗೇ ಬದಲಿಸಿ. ಗಂಟೆಗೆ 72 ಕಿ.ಮೀ. ಅಂದರೆ 72 × 5/18, ಸೆಕೆಂಡಿಗೆ 20 ಮೀಟರ್. ಸೂತ್ರದ ಒಳಗೆ ಹೋದ ಮೇಲೆ ಏಕಮಾನ ಬದಲಿಸಲು ಹೊರಟವರು ಸಾಮಾನ್ಯವಾಗಿ ದಾರಿ ತಪ್ಪುತ್ತಾರೆ.

## ಹಂತ 5: ಶೂ ಮೊದಲು, ಸಾಕ್ಸ್ ಆಮೇಲೆ

ಬೆಳಿಗ್ಗೆ ಹೊರಡುವಾಗ ಸಾಕ್ಸ್ ಮೊದಲು, ಶೂ ಆಮೇಲೆ. ಸಂಜೆ ಬಿಚ್ಚುವಾಗ ಶೂ ಮೊದಲು. ಸೂತ್ರದಿಂದ ಅಕ್ಷರವನ್ನು ಬಿಡಿಸುವುದೂ ಹೀಗೆಯೇ. ಅದಕ್ಕೆ ಏನೇನು ತೊಡಿಸಿದ್ದಾರೆ ಎಂದು ಕ್ರಮವಾಗಿ ಓದಿ, ಆಮೇಲೆ ಹಿಂದಿನಿಂದ ಬಿಚ್ಚುತ್ತಾ ಬನ್ನಿ.

ವಿ = ಯು + ಎಟಿ ತಗೊಳ್ಳಿ. ಯು ಆರಂಭದ ವೇಗ, ವಿ ಅಂತಿಮ ವೇಗ, ಎ ವೇಗೋತ್ಕರ್ಷ, ಟಿ ಕಾಲ. ಎ ಬೇಕು. ಎಗೆ ಮೊದಲು ಏನಾಯಿತು? ಟಿಯಿಂದ ಗುಣಿಸಿದರು. ಆಮೇಲೆ? ಯು ಕೂಡಿಸಿದರು. ಕೊನೆಗೆ ಕೂಡಿಸಿದ್ದು ಯು, ಅದು ಶೂ. ಮೊದಲು ಅದನ್ನು ಕಳೆಯಿರಿ. ಆಮೇಲೆ ಟಿಯಿಂದ ಭಾಗಿಸಿ. ಮಕ್ಕಳು ಬಾಯಿಬಿಟ್ಟು ಹೇಳಬೇಕು, ಬರೆಯುವುದು ಆಮೇಲೆ.

ಈಗ ನಾನು ಅತಿ ಜಾಸ್ತಿ ಕೆಂಪು ಶಾಯಿ ಸುರಿದಿರುವ ಜಾಗ: ಭಾಗಾಕಾರದ ಗೆರೆಯ ಉದ್ದ. ಒಂದು ಬಸ್ಸು ಗಂಟೆಗೆ 36 ಕಿ.ಮೀ. ವೇಗದಿಂದ 72 ಕಿ.ಮೀ.ಗೆ 5 ಸೆಕೆಂಡಿನಲ್ಲಿ ಏರುತ್ತದೆ ಎಂದುಕೊಳ್ಳಿ. ಯು 10, ವಿ 20, ಟಿ 5. ಎ = (ವಿ − ಯು)/ಟಿ, ಅಂದರೆ 10/5, ಉತ್ತರ 2. ಆದರೆ ಮಗು ಗೆರೆಯನ್ನು ಯು ಕೆಳಗೆ ಮಾತ್ರ ಎಳೆದಿರುತ್ತದೆ, ವಿ ಹೊರಗೆ ಉಳಿದಿರುತ್ತದೆ. 20 − 10/5, ಉತ್ತರ 18. ಎರಡೂ ನೋಟ್‌ಬುಕ್‌ನಲ್ಲಿ ಸೂತ್ರ "ಬರೆದಿದೆ", ಗೆರೆ ಮಾತ್ರ ಒಂದು ಬೆರಳಷ್ಟು ಗಿಡ್ಡ.

ಇಲ್ಲಿ ವಿಜ್ಞಾನವೇ ಸಾಕ್ಷಿ ಹೇಳುತ್ತದೆ. ಮೇಲಿಂದ ಬಿಟ್ಟ ಕಲ್ಲಿಗೇ ಭೂಮಿ ಕೊಡುವ ವೇಗೋತ್ಕರ್ಷ 9.8. ಬಸ್ಸು ಬಾವಿಗೆ ಬಿದ್ದರೂ 18 ಬರುವುದಿಲ್ಲ! ಹೀಗೆ ಒಂದು ಸಲ ಹೇಳಿ ನೋಡಿ, ಇಡೀ ವರ್ಷ ಗೆರೆ ಉದ್ದ ಎಳೆಯುತ್ತಾರೆ. ಗೆರೆ ಎಳೆಯುವ ಮುಂಚೆ ವಿ − ಯುಗೆ ಆವರಣ ಹಾಕಿಸುವುದು ಇನ್ನೂ ಭದ್ರ.

ಮೊದಲು ಬೆಲೆ ಹಾಕಬೇಕೋ, ಮೊದಲು ಅಕ್ಷರ ಬಿಡಿಸಬೇಕೋ ಎಂದು ಶಿಕ್ಷಕರಲ್ಲೇ ಜಗಳ ಇದೆ. ನನ್ನ ಲೆಕ್ಕಾಚಾರ ಹೀಗೆ: ಒಂಬತ್ತನೇ ತರಗತಿಯಲ್ಲಿ ಬೆಲೆ ಮೊದಲು. 20 = 10 + 5ಎ ಅವರಿಗೆ ಪರಿಚಯದ ಮುಖ. ಹತ್ತನೇ ತರಗತಿಗೆ ಬಂದ ಮೇಲೆ ಅಕ್ಷರ ಮೊದಲು, ಅದರಲ್ಲೂ ಒಂದೇ ಸೂತ್ರದಿಂದ ಮೂರು ನಾಲ್ಕು ಬೆಲೆ ಕೇಳುವ ಪ್ರಶ್ನೆಗಳಲ್ಲಿ. ಎರಡನ್ನೂ ಒಂದೇ ದಿನ ಕಲಿಸಿದರೆ ಎರಡೂ ಕೆಡುತ್ತವೆ.

## ಹಂತ 6: ತ್ರಿಕೋನವನ್ನು ಅಳಿಸಿ

ವಿ ಮೇಲೆ, ಐ ಮತ್ತು ಆರ್ ಕೆಳಗೆ ಇಟ್ಟ ತ್ರಿಕೋನ. ಬೇಕಾದ್ದನ್ನು ಬೆರಳಿನಿಂದ ಮುಚ್ಚಿದರೆ ಉತ್ತರ. ಟ್ಯೂಷನ್ನಿನಲ್ಲಿ ಕಲಿತು ಬಂದಿರುತ್ತಾರೆ, ಓಮ್‌ನ ನಿಯಮಕ್ಕೆ ಕೆಲಸವೂ ಮಾಡುತ್ತದೆ. ಆದರೆ ಮೂರೇ ಅಕ್ಷರ ಇದ್ದು, ಮಧ್ಯೆ ಗುಣಾಕಾರ ಮಾತ್ರ ಇದ್ದರೆ ಅಷ್ಟೇ. ವಿ = ಯು + ಎಟಿಯನ್ನು ತ್ರಿಕೋನಕ್ಕೆ ತುರುಕಲು ಹೋದ ಮಕ್ಕಳನ್ನು ನೋಡಿದ್ದೇನೆ. ಬಳಸಬೇಡಿ ಎಂದು ಗದರುವುದಕ್ಕಿಂತ, ಆರ್ ಬೇಕಾದಾಗ ಎರಡೂ ಕಡೆ ಐಯಿಂದ ಭಾಗಿಸಿ, ಅದೇ ಉತ್ತರ ತ್ರಿಕೋನದಲ್ಲೂ ಬರುವುದನ್ನು ತೋರಿಸಿ. ತ್ರಿಕೋನ ಎಲ್ಲಿಂದ ಬಂತೆಂದು ಗೊತ್ತಾದ ಮೇಲೆ ಅದರ ಹಂಗು ತಾನಾಗಿ ತಪ್ಪುತ್ತದೆ.

## ಹಂತ 7: ತಲೆಕೆಳಗಾದ ಸೂತ್ರಗಳು

ಇದಕ್ಕೆ ಎರಡು ಪೂರ್ತಿ ಪೀರಿಯಡ್ ಇಡಿ. ಹತ್ತನೇ ತರಗತಿಯಲ್ಲಿ ಬೀಜಗಣಿತ ಅತಿ ಜಾಸ್ತಿ ಕೈಕೊಡುವುದು ಇಲ್ಲಿ, ಯಾಕೆಂದರೆ ಭಿನ್ನರಾಶಿ, ಮೈನಸ್, ವ್ಯುತ್ಕ್ರಮ ಮೂರೂ ಒಟ್ಟಿಗೆ ಮೇಲೆ ಬೀಳುತ್ತವೆ.

ಮಸೂರದ ಸೂತ್ರ: 1/ವಿ − 1/ಯು = 1/ಎಫ್. ವಿ ಪ್ರತಿಬಿಂಬದ ದೂರ, ಯು ವಸ್ತುವಿನ ದೂರ, ಎಫ್ ಸಂಗಮದೂರ. ದರ್ಪಣಕ್ಕೆ ಮಧ್ಯೆ ಪ್ಲಸ್. ಎರಡನ್ನೂ ಒಂದೇ ದಿನ ಬೋರ್ಡಿನ ಮೇಲೆ ತರಬೇಡಿ.

ಲೆಕ್ಕ: ಪೀನ ಮಸೂರದ ಸಂಗಮದೂರ 12 ಸೆಂ.ಮೀ., ವಸ್ತು 20 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ?

ಮೊದಲು ಚೌಕ. ಯು = −20, ಎಫ್ = +12, ವಿ = ? ವಸ್ತು ಬೆಳಕು ಬರುವ ಕಡೆ ಇರುವುದರಿಂದ ಯು ಮೈನಸ್. ಈಗ ಬೆಲೆಯನ್ನು ಆವರಣ ಸಮೇತ ಸೂತ್ರದೊಳಗೆ ಇಳಿಸಿ:

1/ವಿ − 1/(−20) = 1/12

ಸೂತ್ರದ ಮೈನಸ್ ಬೇರೆ, ಬೆಲೆಯ ಮೈನಸ್ ಬೇರೆ. ಸೂತ್ರದ್ದು ಬಿಳಿ ಚಾಕ್, ಬೆಲೆಯದ್ದು ಕೆಂಪು ಚಾಕ್. ಎರಡೂ ಕಣ್ಣಿಗೆ ಕಂಡರೆ ಮಾತ್ರ ಸೇರಿ ಪ್ಲಸ್ ಆಗುತ್ತವೆ:

1/ವಿ + 1/20 = 1/12
1/ವಿ = 1/12 − 1/20 │ ಎರಡೂ ಕಡೆ 1/20 ಕಳೆದೆ
1/ವಿ = 5/60 − 3/60 │ ಲ.ಸಾ.ಅ. 60
1/ವಿ = 2/60 = 1/30
ವಿ = 30 │ ಎರಡೂ ಕಡೆ ತಲೆಕೆಳಗು ಮಾಡಿದೆ

ಪ್ರತಿಬಿಂಬ ಮಸೂರದ ಆಚೆ 30 ಸೆಂ.ಮೀ. ದೂರದಲ್ಲಿ.

ತಪ್ಪು ಉತ್ತರಗಳು ಸಾಮಾನ್ಯವಾಗಿ ಮೂರೇ ಥರ. ಉತ್ತರ ನೋಡಿದರೆ ಸಾಕು, ಕಾಯಿಲೆ ಗೊತ್ತಾಗುತ್ತದೆ.

ಉತ್ತರ 7.5 ಬಂದಿದ್ದರೆ ಮಗು ಯುಗೆ ಮೈನಸ್ ಹಾಕಿಲ್ಲ. 1/12 + 1/20 ಮಾಡಿ 8/60 ತಂದಿದೆ. ಚೌಕ ಬರೆಸಿಲ್ಲ ಅಥವಾ ಆವರಣ ಬಿಟ್ಟಿದೆ. 1/30 ಎಂದೇ ಉತ್ತರ ಬರೆದಿದ್ದರೆ ಕೊನೆಯ ಸಾಲು ಮರೆತಿದೆ. ಲೆಕ್ಕ ಬಲ್ಲ ಮಗು, ಸುಸ್ತಾಗಿದೆ ಅಷ್ಟೇ. ಕೊನೆಯ ಸಾಲಿನ ಎಡಗಡೆ "1/ವಿ" ಇದೆಯೋ "ವಿ" ಇದೆಯೋ ಎಂದು ಬೆರಳಿಟ್ಟು ನೋಡುವ ಅಭ್ಯಾಸ ಮಾಡಿಸಿ.

ಉತ್ತರ −8 ಬಂದಿದ್ದರೆ ಮಾತ್ರ ನಿಂತು ಯೋಚಿಸಿ. ಆ ಮಗು 1/12 − 1/20ರಲ್ಲಿ ಒಂದೊಂದು ಪದವನ್ನೂ ಬೇರೆ ಬೇರೆ ತಲೆಕೆಳಗು ಮಾಡಿ 12 − 20 ಮಾಡಿದೆ. ಇದು ಗಮನ ತಪ್ಪಿ ಆದದ್ದಲ್ಲ, ನಂಬಿಕೆಯೇ ಹಾಗಿದೆ. ಮಸೂರ ಪಕ್ಕಕ್ಕಿಟ್ಟು ಕೇಳಿ: ಅರ್ಧ ರೊಟ್ಟಿ, ಇನ್ನರ್ಧ ರೊಟ್ಟಿ ಸೇರಿದರೆ ಎಷ್ಟು? ಒಂದು. 1/2 + 1/2 = 1. ಒಂದನ್ನು ತಲೆಕೆಳಗು ಮಾಡಿದರೂ ಒಂದೇ. ನಿನ್ನ ಥರ ಒಂದೊಂದನ್ನೇ ತಿರುಗಿಸಿದರೆ 2 + 2, ನಾಲ್ಕು! ರೊಟ್ಟಿ ಎಲ್ಲಿಂದ ಬಂತು? "ಮೊದಲು ಒಂದೇ ಭಿನ್ನರಾಶಿ ಮಾಡು, ಆಮೇಲೆ ತಿರುಗಿಸು" ಎಂಬ ನಿಯಮ ಈ ರೊಟ್ಟಿಯ ನಂತರ ಹೇಳಿ, ಮುಂಚೆ ಅಲ್ಲ.

ಸಮಾಂತರ ಜೋಡಣೆಗೂ ಇದೇ ಔಷಧ. 6 ಓಮ್ ಮತ್ತು 3 ಓಮ್ ಸಮಾಂತರದಲ್ಲಿದ್ದರೆ 1/6 + 1/3 = 3/6 = 1/2, ರೋಧ 2 ಓಮ್. 9 ಎಂದು ಬರೆದವರು ಒಂದೊಂದನ್ನೇ ತಿರುಗಿಸಿದವರು, ಇಲ್ಲವೇ ಸರಣಿ ಜೋಡಣೆ ಎಂದುಕೊಂಡವರು. ಅರ್ಧ ಎಂದವರು ಕೊನೆಯ ಸಾಲು ಬಿಟ್ಟವರು.

## ಹಂತ 8: ವರ್ಗ ಇರುವ ಕಡೆ

ವಿ² = ಯು² + 2ಎಎಸ್. ಇಲ್ಲಿ ಒಂದೇ ಅಪಾಯ. ಯು 3, ಎ 2, ಎಸ್ 4 ಎಂದಿರಲಿ. ವಿ² = 9 + 16 = 25, ವಿ = 5. ಕೆಲವರು ವರ್ಗಮೂಲವನ್ನು ಪದಪದಕ್ಕೂ ಹಂಚಿ 3 + 4 = 7 ಬರೆಯುತ್ತಾರೆ. 7ನ್ನು ವರ್ಗ ಮಾಡಿಸಿ, 49 ಬರುತ್ತದೆ, 25 ಎಲ್ಲಿ? ಮೇಲಿನ −8 ಮಗುವೂ ಇದೂ ಒಂದೇ ಕಾಯಿಲೆಯ ಎರಡು ರೂಪ. ಮೊದಲು ಕೂಡಿ ಒಂದು ಸಂಖ್ಯೆ ಮಾಡು, ಆಮೇಲೆ ಮೂಲ ತೆಗೆ.

## ಹಂತ 9: ರಸಾಯನ ವಿಜ್ಞಾನಕ್ಕೂ ದಾಟಿಸಿ

ರಾಸಾಯನಿಕ ಸಮೀಕರಣ ಸರಿದೂಗಿಸುವುದನ್ನು ಊಹೆ ಮಾಡಿ ಮಾಡಿಸುತ್ತೇವೆ. ಚಿಕ್ಕವಕ್ಕೆ ಊಹೆಯೇ ಬೇಗ. ಸಿಕ್ಕಿಹಾಕಿಕೊಂಡಾಗ ಬೀಜಗಣಿತ ಕೈಹಿಡಿಯುತ್ತದೆ.

ಕೆಂಪಗೆ ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸಿದರೆ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರೋಜನ್ ಬರುತ್ತವೆ. ಆಕ್ಸೈಡಿನ ಒಂದು ಘಟಕದಲ್ಲಿ ಕಬ್ಬಿಣ 3, ಆಕ್ಸಿಜನ್ 4. ಕಬ್ಬಿಣದ ಮುಂದೆ ಪ, ನೀರಿನ ಮುಂದೆ ಕ, ಆಕ್ಸೈಡಿನ ಮುಂದೆ ಮ, ಹೈಡ್ರೋಜನ್ ಮುಂದೆ ಸ ಎಂದು ಬರೆಯಿರಿ. ಒಂದೊಂದು ಧಾತುವಿಗೆ ಒಂದೊಂದು ಸಮೀಕರಣ: ಕಬ್ಬಿಣಕ್ಕೆ ಪ = 3ಮ, ಆಕ್ಸಿಜನ್‌ಗೆ ಕ = 4ಮ, ಹೈಡ್ರೋಜನ್‌ಗೆ 2ಕ = 2ಸ. ಮ = 1 ಇಟ್ಟರೆ ಪ 3, ಕ 4, ಸ 4. ಮುಗಿಯಿತು. ಭಿನ್ನರಾಶಿ ಬಂದರೆ ಎಲ್ಲವನ್ನೂ ಛೇದದಿಂದ ಗುಣಿಸಿ.

ಇದನ್ನು ಕಲಿಸುವಾಗ ಒಂದು ಗೊಂದಲ ಮೊದಲೇ ಬಗೆಹರಿಸಿ. ಮುಂದಿನ ಸಂಖ್ಯೆ ಅಣುಗಳ ಎಣಿಕೆ, ಕೆಳಗಿನ ಚಿಕ್ಕ ಸಂಖ್ಯೆ ಅಣುವಿನೊಳಗಿನ ಪರಮಾಣುಗಳ ಎಣಿಕೆ. ಸರಿದೂಗಲಿಲ್ಲ ಎಂದು ಕೆಳಗಿನ ಸಂಖ್ಯೆ ತಿದ್ದಿದರೆ ನೀರು ನೀರಾಗಿ ಉಳಿಯುವುದಿಲ್ಲ. 2ಎಕ್ಸ್‌ಗೂ ಎಕ್ಸ್²ಗೂ ವ್ಯತ್ಯಾಸ ಹೇಳದ ಮಗು ಇಲ್ಲೂ ಅದೇ ಕೈಚಳಕ ತೋರಿಸುತ್ತದೆ.

## ಹಂತ 10: ಉತ್ತರವನ್ನು ವಾಪಸ್ ಕಳಿಸಿ

ಎರಡು ಥರದ ತಾಳೆ ಬೇಕು. ಮೊದಲನೆಯದು ಗಣಿತದ್ದು: ಬಂದ ಬೆಲೆಯನ್ನು ಮೂಲ ಸೂತ್ರದಲ್ಲಿ ಹಾಕಿ ನೋಡುವುದು. ತಿರುಗಿಸಿದ ಸೂತ್ರದಲ್ಲಿ ಹಾಕಿದರೆ ಪ್ರಯೋಜನ ಇಲ್ಲ, ತಪ್ಪು ಅದರಲ್ಲೇ ಇರಬಹುದಲ್ಲ.

ಎರಡನೆಯದು ವಿಜ್ಞಾನದ್ದು, ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು. ಈ ಕೆಲವು ಎಚ್ಚರಿಕೆಯ ಗಂಟೆಗಳನ್ನು ಗೋಡೆಯ ಮೇಲೆ ಬರೆದು ಅಂಟಿಸಿ. ಸಮಾಂತರ ಜೋಡಣೆಯ ಒಟ್ಟು ರೋಧ ಅತಿ ಚಿಕ್ಕ ರೋಧಕ್ಕಿಂತಲೂ ಕಡಿಮೆ ಇರಬೇಕು, ಇಲ್ಲದಿದ್ದರೆ ತಪ್ಪು. ಬ್ರೇಕ್ ಹಾಕಿದ ಲೆಕ್ಕದಲ್ಲಿ ಚಲಿಸುವ ದಿಕ್ಕು ಪ್ಲಸ್ ಆದರೆ ವೇಗೋತ್ಕರ್ಷ ಮೈನಸ್ ಬರಬೇಕು. ಕಾಲ ಮೈನಸ್ ಬಂದರೆ ಮತ್ತೆ ಮಾಡು. ಪೀನ ಮಸೂರದ ಸತ್ಯ ಪ್ರತಿಬಿಂಬ ಸಂಗಮದೂರಕ್ಕಿಂತ ಹತ್ತಿರ ಬೀಳುವುದಿಲ್ಲ. ಮೇಲಿನ ಲೆಕ್ಕದಲ್ಲಿ 7.5 ಬಂದಾಗಲೇ ಅನುಮಾನ ಬರಬೇಕಿತ್ತು, ಸಂಗಮದೂರವೇ 12 ಇರುವಾಗ. ಇನ್ನೂ ಮುಂದೆ ಹೋದರೆ, ವಸ್ತು 12ಕ್ಕೂ 24ಕ್ಕೂ ಮಧ್ಯೆ ಇದೆ, ಅಂದಮೇಲೆ ಪ್ರತಿಬಿಂಬ 24ರ ಆಚೆ. ಲೆಕ್ಕ ಮಾಡುವ ಮುಂಚೆಯೇ ಮಗು ಇಷ್ಟು ಹೇಳಬಲ್ಲದು. ಹೇಳಿಸಿ, ನೋಟ್‌ಬುಕ್ಕಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ "24ಕ್ಕಿಂತ ಜಾಸ್ತಿ" ಎಂದು ಬರೆಸಿ, ಆಮೇಲೆ ಸೂತ್ರಕ್ಕೆ ಕೈಹಾಕಲಿ.

ಎರಡು ವಾರ ಬಿಟ್ಟು ಹಂತ 1ರ ಐದು ಸಾಲುಗಳನ್ನು ಸಂಖ್ಯೆ ಬದಲಿಸಿ ಮತ್ತೆ ಕೊಡಿ. ಈ ಸಲ ಗಣಿತದ ಪೀರಿಯಡ್‌ನಲ್ಲಿ ಅಲ್ಲ, ಹೇಳದೇ ಕೇಳದೇ ವಿಜ್ಞಾನದ ಪೀರಿಯಡ್‌ನಲ್ಲಿ. ನಾಲ್ಕನೆಯದಕ್ಕೆ ಸಂಖ್ಯೆ ಆರಿಸುವಾಗ ಮಾತ್ರ ತಪ್ಪು ದಾರಿಯಲ್ಲೂ ಒಮ್ಮೆ ಮಾಡಿ ನೋಡಿಕೊಳ್ಳಿ.